ಆಯತ್ತಿನ ಕೊನೆಗೊಂದು ಚಿನ್ನದ ಹೂ

ತೆಜ್‌ಹಿಪ್ ಕಲಿಯಲು ಬರುವವರಿಗೆಲ್ಲ ಚಿನ್ನದ ಮೇಲೇ ಕಣ್ಣು. ನನಗೂ ಅಷ್ಟೇ. ಆದರೆ ಇಸ್ತಾಂಬುಲಿನ ಏಷ್ಯಾ ದಡದಲ್ಲಿ, ಉಸ್ಕುದಾರಿನ ಏರಿನ ಮೇಲಿರುವ ನಮ್ಮ ಕಾರ್ಯಾಗಾರದಲ್ಲಿ ಹೊಸಬರ ಕೈಗೆ ಬಹಳ ಕಾಲ ಸಿಗುವುದು ಪೆನ್ಸಿಲ್ಲು, ರಬ್ಬರು, ಟ್ರೇಸಿಂಗ್ ಕಾಗದ ಇಷ್ಟೇ. ಚಿನ್ನ ಬೀರುವಿನಲ್ಲಿ, ಬೀರುವಿನ ಬೀಗದಕೈ ಹೋಜಾಮ್ ಸೊಂಟದಲ್ಲಿ. ಇಲ್ಲಿ ಗುರುಗಳನ್ನು ಗಂಡಾಗಲಿ ಹೆಣ್ಣಾಗಲಿ ಹೋಜಾಮ್ ಎಂದೇ ಕರೆಯುವುದು. ನಮ್ಮ ಹೋಜಾಮ್ ಎಪ್ಪತ್ತು ದಾಟಿದ ಹೆಂಗಸು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ ಕೂರುತ್ತಾರೆ.

ಕೈಬರಹದ ಕುರ್‌ಆನ್ ಪ್ರತಿಗಳು, ದುಆ ಅಂದರೆ ಪ್ರಾರ್ಥನೆಯ ಪುಸ್ತಕಗಳು, ಕಾವ್ಯಸಂಪುಟಗಳು, ಇವುಗಳ ಪುಟಗಳನ್ನು ಚಿನ್ನದಿಂದ ಬಣ್ಣದಿಂದ ಸಿಂಗರಿಸುವ ಕಸುಬು ಈ ತೆಜ್‌ಹಿಪ್. ತುರ್ಕಿ, ಇರಾನ್, ಅಜರ್‌ಬೈಜಾನ್, ಉಜ್ಬೇಕಿಸ್ತಾನ್, ತಜಿಕಿಸ್ತಾನ್ ಐದೂ ದೇಶಗಳ ಹೆಸರಿನಲ್ಲಿ 2023ರಲ್ಲಿ ಇದು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಕುರ್‌ಆನಿನಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರ ಬರೆಯುವ ಮಾತೇ ಇಲ್ಲ. ಹಾಗಾಗಿ ಏನಿದ್ದರೂ ಬಳ್ಳಿ, ಎಲೆ, ಹೂ, ಮೋಡದ ಸುರುಳಿ, ಗೆರೆ. ಇಷ್ಟರಲ್ಲೇ ಸಾವಿರ ವರ್ಷ ದಾಟಿ ಬಂದಿದ್ದಾರೆ.

ನಾನು ವಿಜಯಪುರದವಳು. ಮೈಸೂರಿನಲ್ಲಿ ಓದುವಾಗ ಸಂಜೆ ಹೊತ್ತು ಮೈಸೂರು ಶೈಲಿಯ ಚಿತ್ರ ಬರೆಯುವುದನ್ನು ಕಲಿತಿದ್ದೆ. ನೀನು ಕಿರೀಟ, ಪ್ರಭಾವಳಿ ಬರೆಯುತ್ತೀಯಾ ಎಂದು ಒಂದಿಬ್ಬರು ಬಂಧುಗಳು ಹುಬ್ಬೇರಿಸಿದಾಗ ಅಬ್ಬಾ, ಅಂದರೆ ನಮ್ಮಪ್ಪ, ನಕ್ಕು ಸುಮ್ಮನಾಗಿದ್ದರು. ಮದುವೆಯಾಗಿ ಮನೆಯವರ ನೌಕರಿಯ ಬೆನ್ನಿಗೆ ಇಸ್ತಾಂಬುಲ್ ಸೇರಿದ ಮೇಲೆ ಕೈ ಸುಮ್ಮನಿರಲೊಲ್ಲದು, ಇಲ್ಲಿಗೆ ಬಂದೆ. ಚಿನ್ನದ ಕೆಲಸ ನನಗೆ ಗೊತ್ತು ಎಂಬ ಧೈರ್ಯ ಬೇರೆ. ಮೈಸೂರು ಚಿತ್ರದಲ್ಲಿ ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ರಾಳ, ಗೋಂದು ಕಲಸಿ ಒಡವೆಯ ಜಾಗದಲ್ಲಿ ಸಣ್ಣಗೆ ಉಬ್ಬು ಕೆಲಸ ಮಾಡುತ್ತೇವೆ, ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ರೇಕು ರೇಕಾಗಿಯೇ ಉಳಿಯುತ್ತದೆ. ಇಲ್ಲಿ ರೇಕನ್ನು ಅರೆದು, ತೊಳೆದು, ಬಣ್ಣದ ಹಾಗೆ ಕುಂಚದಿಂದ ಹಚ್ಚಬೇಕು. ಉಬ್ಬು ಅನ್ನುವುದೇ ಇಲ್ಲ, ಎಲ್ಲ ಕಾಗದಕ್ಕೆ ಸಮ. ಬೆರಳಾಡಿಸಿದರೆ ಏನೂ ತಗುಲಬಾರದು.

ಮೊದಲ ಪಾಠ ಪೆಂಚ್. ಮೇಲಿಂದ ನೋಡಿದಾಗ ಕಾಣುವ ಹೂ. ಎರಡನೆಯದು ಹತಾಯಿ. ಹೂವನ್ನು ಉದ್ದುದ್ದ ಸೀಳಿ ಪಕ್ಕದಿಂದ ನೋಡಿದರೆ ಹೇಗೋ ಹಾಗೆ. ಆಮೇಲೆ ಮೊಗ್ಗು, ಎಲೆ, ಕವಲೊಡೆದ ಎಲೆಯಂಥ ರೂಮಿ. ಇವನ್ನು ಬಿಡಿಬಿಡಿಯಾಗಿ ಬರೆಯುವುದು ಯಾರಿಗಾದರೂ ಬಂದೀತು. ಕಷ್ಟವಿರುವುದು ಇವನ್ನೆಲ್ಲ ಹೊರುವ ಬಳ್ಳಿಯಲ್ಲಿ. ಬಳ್ಳಿ ಸುರುಳಿಯಾಗಿ ಸುತ್ತಬೇಕು, ಸುತ್ತುತ್ತ ಸುತ್ತುತ್ತ ಎಲ್ಲೂ ಮುರುಟಬಾರದು. ಕವಲೊಡೆಯುವಲ್ಲಿ ಒಂದು ಹೂವೋ ಎಲೆಯೋ ಕೂತು ಆ ಗಂಟನ್ನು ಮುಚ್ಚಬೇಕು. ಎಲೆಗಳೆಲ್ಲ ಬಳ್ಳಿ ಹರಿಯುವ ದಿಕ್ಕಿಗೇ ಬಾಗಬೇಕು. ಹತಾಯಿ ಹೂಗಳ ಬಳ್ಳಿ ಬೇರೆ, ರೂಮಿಯ ಬಳ್ಳಿ ಬೇರೆ. ಎರಡೂ ಒಂದರ ಮೇಲೊಂದು ಹಾಯಬಹುದು, ಕೂಡುವ ಹಾಗಿಲ್ಲ. ಹೋಜಾಮ್ ನಮ್ಮ ವಿನ್ಯಾಸ ನೋಡುವ ರೀತಿಯೇ ಬೇರೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಒಂದು ಎಲೆಯ ತುದಿಗೆ ಬೆರಳಿಟ್ಟು, "ಇದು ಎಲ್ಲಿಂದ ಬಂತು, ಹೇಳು ಮಗಳೇ" ಅನ್ನುತ್ತಾರೆ. ನಾವು ಬಳ್ಳಿಯ ಗುಂಟ ಹಿಂದೆ ಹಿಂದೆ ಹೋಗಿ ಬುಡ ತೋರಿಸಬೇಕು. ಬುಡ ಸಿಗದಿದ್ದರೆ ರಬ್ಬರು.

ಇಡೀ ಪುಟ ತುಂಬಿದ ವಿನ್ಯಾಸವನ್ನು ನೋಡಿದವರು ಎಷ್ಟು ಬರೆದಿದ್ದಾರಪ್ಪ ಎಂದು ಬೆರಗಾಗುತ್ತಾರೆ. ನಿಜಕ್ಕೂ ಬರೆಯುವುದು ಕಾಲು ಭಾಗ, ಕೆಲವೊಮ್ಮೆ ಎಂಟನೇ ಒಂದು ಭಾಗ. ಉಳಿದದ್ದು ಟ್ರೇಸಿಂಗ್ ಕಾಗದ ಮಡಚಿ, ತಿರುಗಿಸಿ ಇಳಿಸಿಕೊಂಡದ್ದು. ಹಿಂದೆ ವಿನ್ಯಾಸದ ಗೆರೆಗಳ ಗುಂಟ ಸೂಜಿಯಿಂದ ತೂತು ಚುಚ್ಚಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಅದರ ಮೇಲೆ ತಟ್ಟುತ್ತಿದ್ದರು. ಕೆಳಗಿನ ಕಾಗದದಲ್ಲಿ ಚುಕ್ಕಿಗಳ ಸಾಲು ಮೂಡುತ್ತಿತ್ತು. ನಮ್ಮೂರ ರಂಗೋಲಿ ಜರಡಿಯ ಉಪಾಯವೇ ಇದು. ಹೋಜಾಮ್‌ಗೆ ಫೋನಿನಲ್ಲಿ ಅದರ ವಿಡಿಯೊ ತೋರಿಸಿದಾಗ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

ಕಾಗದದ ವಿಷಯಕ್ಕೆ ಬಂದರೆ, ಅಂಗಡಿಯಿಂದ ತಂದ ಕಾಗದದ ಮೇಲೆ ನೇರವಾಗಿ ಏನನ್ನೂ ಮಾಡುವುದಿಲ್ಲ. ಮೊದಲು ಬಣ್ಣ ಹಾಕುತ್ತಾರೆ. ಚಹಾ ಡಿಕಾಕ್ಷನ್, ದಾಳಿಂಬೆ ಸಿಪ್ಪೆ, ವಾಲ್‌ನಟ್ ಕಾಯಿಯ ಹಸಿರು ಸಿಪ್ಪೆ ಹೀಗೆ ಏನಾದರೊಂದನ್ನು ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಕಣ್ಣು ಚುಚ್ಚುವ ಬಿಳುಪು ಹೋಗುತ್ತದೆ. ಆಮೇಲೆ ಅಹಾರ್ ಕೊಡುವುದು. ಮೊಟ್ಟೆಯ ಬಿಳಿಯಲ್ಲಿ ಪಟಿಕಾರದ ತುಂಡನ್ನು ಆಡಿಸಿ, ನೊರೆ ಇಳಿದ ಮೇಲೆ ಸೋಸಿ, ಆ ತಿಳಿಯನ್ನು ಕಾಗದಕ್ಕೆ ಹಚ್ಚುತ್ತಾರೆ. ಅಹಾರ್ ದಿನ ಕಾರ್ಯಾಗಾರದಲ್ಲಿ ಎಲ್ಲರಿಗೂ ಕೆಲಸ, ಸಂಜೆ ಎಲ್ಲರ ಮನೆಯಲ್ಲೂ ಬರೀ ಹಳದಿಯ ಆಮ್ಲೆಟ್. ಒಣಗಿದ ಕಾಗದ ಬಿರುಕು ಬಿಡುವ ಮೊದಲೇ, ಮರದ ಹಿಡಿಯಲ್ಲಿ ಕೂರಿಸಿದ ಕಲ್ಲಿನಿಂದ ಭುಜ ನೋಯುವಷ್ಟು ಉಜ್ಜಿ ಮಿಂಚು ಬರಿಸಬೇಕು. ಆಮೇಲೆ ಅದನ್ನು ಒಂದು ವರ್ಷವಾದರೂ ಮುಟ್ಟದೆ ಇಡುತ್ತಾರೆ. ಹಳೆಯದಾದಷ್ಟೂ ಒಳ್ಳೆಯದಂತೆ. ಇಷ್ಟೆಲ್ಲ ಯಾಕೆಂದರೆ, ಕಾಡಿಗೆಯಿಂದ ಮಾಡಿದ ಶಾಯಿ ಇಂಥ ಕಾಗದದೊಳಕ್ಕೆ ಇಳಿಯದೆ ಮೇಲೇ ಕೂರುತ್ತದೆ. ಬರೆಯುವವರ ಕೈ ತಪ್ಪಿದರೆ ಒದ್ದೆ ಮಾಡಿ ಒರೆಸಿ ಮತ್ತೆ ಬರೆಯಬಹುದು. ಶಾಯಿಯ ಕಾಡಿಗೆ ಅಂದಾಗ ಇಲ್ಲಿಯವರು ತಪ್ಪದೆ ಸುಲೇಮಾನಿಯೆ ಮಸೀದಿಯ ಹೆಸರೆತ್ತುತ್ತಾರೆ. ಅಲ್ಲಿನ ಎಣ್ಣೆದೀಪಗಳ ಹೊಗೆಯನ್ನು ಗಾಳಿಯ ಸೆಳೆತದಿಂದ ಹೆಬ್ಬಾಗಿಲ ಮೇಲಿನ ಕೋಣೆಗೆ ಹರಿಸಿ, ಕಟ್ಟಿದ ಮಸಿಯಿಂದ ಶಾಯಿ ಮಾಡುತ್ತಿದ್ದರು. ಮಸೀದಿ ಕಟ್ಟಿದವನು ವಾಸ್ತುಶಿಲ್ಪಿ ಸಿನಾನ್. ಗೋಡೆ ಕಪ್ಪಾಗಲಿಲ್ಲ, ಶಾಯಿಯೂ ಸಿಕ್ಕಿತು.

ಕೊನೆಗೊಂದು ದಿನ ಬೀರುವಿನ ಬಾಗಿಲು ತೆರೆಯಿತು.

ಅಗಲವಾದ ಪಿಂಗಾಣಿ ತಟ್ಟೆ. ಅದರಲ್ಲಿ ಜೇನಿನಷ್ಟು ಮಂದವಾದ ಅರಬ್ಬೀ ಗೋಂದಿನ ನಾಲ್ಕು ಹನಿ. ರೇಕನ್ನು ಬೆರಳ ತುದಿಗೆ ಅಂಟಿಸಿ ಗೋಂದಿಗೆ ಮುಟ್ಟಿಸಿದರೆ ಕಣ್ಣೆದುರೇ ಮುದುಡಿಹೋಗುತ್ತದೆ. ಕಿಟಕಿ ಮುಚ್ಚಿರಬೇಕು, ಫ್ಯಾನ್ ಇರಬಾರದು, ಜೋರಾಗಿ ಉಸಿರು ಬಿಟ್ಟರೂ ರೇಕು ಮೇಲೇಳುತ್ತದೆ. ಒಂದಾದ ಮೇಲೆ ಒಂದು ಮುಟ್ಟಿಸುತ್ತ, ಬೆರಳ ತುದಿಗಳಿಂದ ವೃತ್ತಾಕಾರವಾಗಿ ಅರೆಯುತ್ತ ಹೋಗಬೇಕು. ಗೋಂದು ಒಣಗಿ ಬಿಗಿಯತೊಡಗಿದರೆ ಒಂದು ಹನಿ ನೀರು, ಹೆಚ್ಚಾದರೆ ಚಿನ್ನ ಬೆರಳಿನ ಕೆಳಗೆ ಜಾರುತ್ತದೆ, ಅರೆಯುವುದಿಲ್ಲ. ಗಂಟೆಗಟ್ಟಲೆ ಇದೇ ಕೆಲಸ. ಆಗ ತಟ್ಟೆಯಲ್ಲಿ ಕಾಣುವುದು ಚಿನ್ನವಲ್ಲ, ಕೆಸರು. ಹೊಳಪೆಲ್ಲ ಹೋಗಿ ಕಂದು ಮಣ್ಣಿನ ಬಣ್ಣ. ಆಮೇಲೆ ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಅಲುಗಾಡದಂತೆ ಬಿಡಬೇಕು. ಚಿನ್ನ ಭಾರ, ತಳಕ್ಕೆ ಇಳಿಯುತ್ತದೆ. ಮೇಲಿನ ಗೋಂದಿನ ನೀರನ್ನು ಮೆಲ್ಲನೆ ಬಸಿದು, ಮತ್ತೆ ನೀರು ಹಾಕಿ, ಮತ್ತೆ ಬಸಿದು, ಕೊನೆಗೆ ಬಟ್ಟಲಿನ ತಳದಲ್ಲಿ ಉಳಿಯುವುದು ಒಂದು ತೆಳು ಪದರ. ಬೆರಳುಗಳನ್ನು ಬಟ್ಟಲಲ್ಲೇ ತೊಳೆಯಬೇಕು. ನಲ್ಲಿಯ ಕಡೆ ಹೊರಟವರನ್ನು ಹೋಜಾಮ್ ದೂರದಿಂದಲೇ ಕೂಗಿ ನಿಲ್ಲಿಸುತ್ತಾರೆ.

ಹಚ್ಚುವಾಗ ಇದಕ್ಕೆ ಜೆಲಾಟಿನ್ ಕರಗಿಸಿದ ನೀರು ಬೇಕು. ಜೆಲಾಟಿನ್ ಕಮ್ಮಿಯಾದರೆ ಉಜ್ಜುವಾಗ ಚಿನ್ನ ಎದ್ದು ಬರುತ್ತದೆ, ಜಾಸ್ತಿಯಾದರೆ ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ. ಅಳತೆಯನ್ನು ಯಾರೂ ಬರೆದು ಕೊಡಲಿಲ್ಲ. ಕಿರುಬೆರಳಿಗೆ ಒಂದು ಹನಿ ಹಚ್ಚಿಕೊಂಡು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಎಷ್ಟು ಜಿಗುಟು ಹಿಡಿಯಿತು ಅನ್ನುವುದರ ಮೇಲೆ ಹೋಜಾಮ್ ಹೇಳುತ್ತಾರೆ. ಉಜ್ಜುವುದು ಅಗೇಟ್ ಕಲ್ಲಿನ ತುದಿಯಿಂದ. ಚಿನ್ನದ ಮೇಲೆ ನೇರ ಉಜ್ಜಿದರೆ ಕನ್ನಡಿಯ ಹೊಳಪು, ನಡುವೆ ತೆಳು ಕಾಗದ ಇಟ್ಟು ಉಜ್ಜಿದರೆ ಮಂಕು ಹೊಳಪು. ಒಂದೇ ಹೂವಿನಲ್ಲಿ ಎರಡನ್ನೂ ಬಳಸಿದರೆ, ಬೇರೆ ಬಣ್ಣವಿಲ್ಲದೆಯೇ ಎಸಳು ಬೇರೆ, ಅಂಚು ಬೇರೆ ಕಾಣುತ್ತದೆ.

ಇಷ್ಟಾದರೂ ನಾನು ಹೇಳಬೇಕೆಂದಿರುವುದು ಚಿನ್ನದ ಕೆಲಸ ಸುಲಭದ್ದು ಎಂದೇ. ಬೆವರು ಬೇಕು, ತಾಳ್ಮೆ ಬೇಕು, ಅಷ್ಟೇ. ಕೈಯ ಪರೀಕ್ಷೆ ನಡೆಯುವುದು ತಹರೀರಿನಲ್ಲಿ, ಅಂದರೆ ಚಿನ್ನ ಹಚ್ಚಿ ಉಜ್ಜಿದ ಮೇಲೆ ಅದರ ಅಂಚಿಗೆ ಎಳೆಯುವ ಕಪ್ಪು ಗೆರೆಯಲ್ಲಿ. ಚಿನ್ನದ ಅಂಚು ಎಂದೂ ನೇರ ಬರುವುದಿಲ್ಲ, ಒಂಚೂರು ಒರಟಾಗಿಯೇ ಇರುತ್ತದೆ. ಆ ಒರಟನ್ನು ಮುಚ್ಚುವುದು ಈ ಗೆರೆ. ಕೂದಲಿನಷ್ಟು ತೆಳ್ಳಗಿರಬೇಕು, ಬಾಗುವಲ್ಲಿ ತುಸು ತುಂಬಿ ತುದಿಯಲ್ಲಿ ಮತ್ತೆ ತೆಳ್ಳಗಾಗಬೇಕು. ಹಿಂದೆ ಬೆಕ್ಕಿನ ಮರಿಯ ಕುತ್ತಿಗೆಯ ಕೂದಲಿನಿಂದ ಇದಕ್ಕೆ ಕುಂಚ ಕಟ್ಟುತ್ತಿದ್ದರಂತೆ. ನಮ್ಮ ಮೈಸೂರಿನವರದ್ದು ಅಳಿಲಿನ ಕೂದಲು. ಈಗ ಎರಡೂ ಕಡೆ ಅಂಗಡಿಯ ಕುಂಚವೇ.

ನನ್ನ ಪಾಲಿಗೆ ಈ ಕಸುಬು ಏನೆಂದು ಗೊತ್ತಾದದ್ದು ಒಂದು ಯಾಸೀನ್ ಪುಸ್ತಿಕೆಯಿಂದ. ತೀರಿಕೊಂಡ ತಂದೆಯ ನೆನಪಿಗೆ ಮಕ್ಕಳು ಕುರ್‌ಆನಿನ ಯಾಸೀನ್ ಸೂರಾವನ್ನು, ಅಂದರೆ ಆ ಹೆಸರಿನ ಅಧ್ಯಾಯವನ್ನು, ಕೈಯಲ್ಲಿ ಬರೆಸಿ, ನಮ್ಮ ಕಾರ್ಯಾಗಾರಕ್ಕೆ ತಂದುಕೊಟ್ಟಿದ್ದರು. ವಿಜಯಪುರದಲ್ಲಿ ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಗುರುವಾರ ರಾತ್ರಿ ತಪ್ಪದೆ ಓದುತ್ತಿದ್ದದ್ದು ಇದೇ ಸೂರಾ. ಇಲ್ಲಿಯೂ ಸತ್ತವರಿಗೆಂದು ಓದುವುದು ಇದನ್ನೇ. ಬರಹ ನಸ್ಖ್ ಶೈಲಿಯದು. ಶೇಖ್ ಹಮ್ದುಲ್ಲಾ, ಹಾಫಿಜ್ ಒಸ್ಮಾನ್ ಅವರಂಥ ಉಸ್ಮಾನಿ ಅಂದರೆ ಒಟ್ಟೊಮನ್ ಕಾಲದ ಮಹಾ ಲಿಪಿಕಾರರು ಕುರ್‌ಆನಿಗೆಂದು ತಿದ್ದಿ ತೀಡಿದ ಶೈಲಿ. ಎಲ್ಲ ಪುಟಗಳಲ್ಲೂ ಬರಹ ಮುಗಿದಿತ್ತು. ಮೊದಲು ಬರೆಯುವವರು, ಆಮೇಲೆ ನಾವು. ಇದು ಬದಲಾಗದ ಕ್ರಮ.

ಆರಂಭದ ಜೋಡಿಪುಟ ಹೋಜಾಮ್ ಕೈಗೆ. ಪುಟದ ಸುತ್ತಲಿನ ಚಿನ್ನದ ಪಟ್ಟಿ, ಅದರ ಎರಡೂ ಬದಿಯ ಕಪ್ಪು ಗೆರೆ, ಹೊರಗಿನ ಒಂಟಿ ಕೆಂಪು ಗೆರೆ ಎಲ್ಲ ನಮ್ಮಲ್ಲಿ ಹಳಬಳಾದ ಒಬ್ಬ ಅಬ್ಲಾ ಕೈಗೆ. ಅಬ್ಲಾ ಅಂದರೆ ಅಕ್ಕ. ನನಗೂ ಇನ್ನೊಬ್ಬ ಹುಡುಗಿಗೂ ಬಂದದ್ದು ದುರಾಕ್, ಆಯತ್ ಅಂದರೆ ಸೂರಾದ ಒಂದೊಂದು ವಚನ ಮುಗಿದಲ್ಲಿ ಇಡುವ ಚಿನ್ನದ ಹೂ. ಯಾಸೀನಿನಲ್ಲಿ 83 ಆಯತ್, ಅಲ್ಲಿಗೆ 83 ಹೂ. ಇಡೀ ಕುರ್‌ಆನ್ ಆದರೆ 6236. ಅದರ ಜೊತೆ 114 ಸೂರಾಗಳ ತಲೆಪಟ್ಟಿ, 30 ಪಾರಾಗಳ ಅಂದರೆ ಭಾಗಗಳ ಅಂಚಿನ ಹೂಗಳು, ಓದುವಾಗ ಸಜ್ದಾ ಮಾಡಿ ತಲೆಬಾಗಬೇಕಾದ ಜಾಗದ ಹೂಗಳು. ಒಬ್ಬರೇ ಕೂತರೆ ವರ್ಷಗಳೇ ಬೇಕು ಎಂದು ಲೆಕ್ಕ ಹಾಕದೆಯೂ ತಿಳಿಯುತ್ತದೆ.

ವುಜೂ ಮಾಡಿ, ಅಂದರೆ ಶುದ್ಧಿಗೆಂದು ಕೈಕಾಲು ಮುಖ ತೊಳೆದು, ಬಂದು ಕೂರುತ್ತಿದ್ದೆವು. ಪುಟದ ಮೇಲೆ ಇನ್ನೊಂದು ಕಾಗದ ಮುಚ್ಚಿ, ಹೂ ಬರುವ ಜಾಗಕ್ಕಷ್ಟೇ ಸಣ್ಣ ಕಿಂಡಿ. ಅದು ಅದಬಿಗೂ, ಅಂದರೆ ಗೌರವಕ್ಕೂ, ಹೌದು, ಅಂಗೈಯ ಜಿಡ್ಡು ಅಹಾರಿಗೆ ತಾಗದಿರಲಿ ಅನ್ನುವುದಕ್ಕೂ ಹೌದು. ಹೂವಿನ ಅಡ್ಡಗಲ ಐದಾರು ಮಿಲಿಮೀಟರ್. ಕೈವಾರದಿಂದ ವೃತ್ತ, ಒಳಗೆ ಆರು ಕಮಾನುಗಳು, ಆರು ಎಸಳು. ಚಿನ್ನದ ನೀರನ್ನು ಕುಂಚದ ತುದಿಯಿಂದ ಇಳಿಬಿಟ್ಟರೆ ವೃತ್ತದೊಳಗೆ ಗುಬುಟಾಗಿ ನಿಲ್ಲುತ್ತದೆ. ಅದನ್ನು ಕೆದಕಬಾರದು. ತಾನಾಗಿ ಒಣಗಿ ಚಪ್ಪಟೆಯಾಗಲು ಬಿಡಬೇಕು. ಒಣಗಿದ ಮೇಲೆ ಅಗೇಟ್ ತುದಿ, ಆಮೇಲೆ ತಹರೀರ್, ಆಮೇಲೆ ಎಸಳಿನ ಸಂದಿಗಳಲ್ಲಿ ಒಂದು ಕೆಂಪು ಒಂದು ನೀಲಿ ಹೀಗೆ ಚುಕ್ಕಿ. ತಹರೀರ್ ಎಳೆಯುವಾಗ ಕೈ ಇದ್ದಲ್ಲೇ ಇರುತ್ತದೆ, ತಿರುಗುವುದು ಕಾಗದ. ಕುಂಚವನ್ನು ಯಾವಾಗಲೂ ನಮ್ಮ ಕಡೆಗೇ ಎಳೆದುಕೊಳ್ಳುವುದು.

ಒಂದು ಪುಟ ಮುಗಿಯುವಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ಬೇರೆ ವಿಷಯ. ಯಾಸೀನಿನ ಆಯತ್ತುಗಳು ಹೆಚ್ಚಿನವು ಊನ್, ಈನ್ ಎಂದು ಮುಗಿಯುತ್ತವೆ. ಹಾಗಾಗಿ ಹೂವಿನ ಬಲಕ್ಕೆ ಹೆಚ್ಚಾಗಿ ನೂನ್, ಅಂದರೆ ಅರಬ್ಬಿಯ ನ್, ಅಕ್ಷರದ ಬಟ್ಟಲು, ಅದರ ಎಡ ತುದಿ ಮೇಲಕ್ಕೆದ್ದು ಹೂವಿಗೆ ತಾಗಲೋ ಬೇಡವೋ ಎನ್ನುವಂತೆ ನಿಂತಿರುತ್ತದೆ. ಬರೆದವರ ಕೈ ಒಮ್ಮೆ ಧಾರಾಳ, ಒಮ್ಮೆ ಬಿಗಿ. ಎಲ್ಲ ಹೂಗಳೂ ಒಂದೇ ಅಳತೆಯಲ್ಲಿರಬೇಕು, ನೂನಿನ ತುದಿಗೆ ಚಿನ್ನ ತಾಗಲೂಬಾರದು. ಜಾಗ ಇಕ್ಕಟ್ಟಾದಲ್ಲಿ ಹೂ ಒಂಚೂರು ಮೇಲೆ ಸರಿಯಬೇಕು, ಇಲ್ಲವೇ ಕೆಳಗೆ. ಅಕ್ಷರ ಸರಿಯುವುದಿಲ್ಲ. ಹಾಗೆ ಸರಿದದ್ದು ಓದುವವರಿಗೆ ಗೊತ್ತೂ ಆಗಬಾರದು. ಮ್ ಎಂದು ಮುಗಿಯುವ ಆಯತ್ ಬಂದರೆ ನಮಗಿಬ್ಬರಿಗೂ ಹಬ್ಬ. ಮೀಮಿನ ಬಾಲ ಕೆಳಕ್ಕಿಳಿಯುತ್ತದೆ, ಪಕ್ಕದಲ್ಲಿ ಬೇಕಾದಷ್ಟು ಬಯಲು.

ಆ ದಿನಗಳಲ್ಲೇ ಸುಲ್ತಾನ್ ಅಹ್ಮದ್ ಚೌಕದ ಇಬ್ರಾಹಿಂ ಪಾಷಾ ಅರಮನೆಯಲ್ಲಿರುವ ತುರ್ಕಿ ಮತ್ತು ಇಸ್ಲಾಮಿ ಕಲೆಗಳ ಮ್ಯೂಸಿಯಮ್ಮಿಗೆ ಹೋದೆ. ಹಿಂದೆಯೂ ಹೋಗಿದ್ದೆ, ಆಗ ನೋಡಿದ್ದು ದೊಡ್ಡ ದೊಡ್ಡ ಜೋಡಿಪುಟಗಳನ್ನು. ಈ ಸಲ ಆಯತ್ತಿನ ಕೊನೆಗಳನ್ನಷ್ಟೇ ನೋಡುತ್ತ ಹೋದೆ. ಮೊದಮೊದಲ ಶತಮಾನಗಳ ಕೂಫಿ ಲಿಪಿಯ ತೊಗಲ ಹಾಳೆಗಳಲ್ಲಿ ಆಯತ್ ಮುಗಿದಲ್ಲಿ ಮೂರು ಚಿನ್ನದ ಬೊಟ್ಟು, ಕೆಲವೆಡೆ ಬರೀ ಗೀಟು. ಐದಾಯತ್ತಿಗೆ ಒಂದು ಗುರುತು, ಹತ್ತಕ್ಕೆ ಇನ್ನೊಂದು. ಅಲ್ಲಿಂದ ಹೊರಟು ಹದಿನಾರನೇ ಶತಮಾನಕ್ಕೆ ಬರುವಷ್ಟರಲ್ಲಿ ಅದು ಹೂವಾಗಿ ಅರಳಿ, ಅಂಚಿನಲ್ಲಿ ಕಡುನೀಲಿ ತುಂಬಿಕೊಂಡು, ಸುತ್ತ ಮುಳ್ಳಿನಂಥ ಎಳೆಗಳನ್ನು ಬಿಟ್ಟಿದೆ. ಆ ಕಾಲದ ಅರಮನೆಯ ಕಲಾಶಾಲೆಯ ಮುಖ್ಯಸ್ಥ ಕರಾ ಮೆಮಿ. ಟ್ಯುಲಿಪ್, ಕಾರ್ನೇಶನ್, ಗುಲಾಬಿಗಳನ್ನು ತೋಟದಲ್ಲಿ ಕಂಡ ಹಾಗೇ ತಂದು ಈ ಬಳ್ಳಿಗಳ ನಡುವೆ ನೆಟ್ಟವನು. ಸುಲ್ತಾನ ಸುಲೇಮಾನನ ಕವಿತೆಗಳ 1566ರ ಪ್ರತಿ ಅವನ ಕೈಯದು. ಹದಿನೆಂಟು ಹತ್ತೊಂಬತ್ತನೇ ಶತಮಾನದ ಯುರೋಪಿನ ಗಾಳಿ ಬೀಸಿದ ಪುಟಗಳನ್ನು, ಆ ಹೂದಾನಿ, ರಿಬ್ಬನ್ನು, ತಿಳಿಗುಲಾಬಿ ಬಣ್ಣಗಳನ್ನು ಕಂಡರೆ ನಮ್ಮ ಕಾರ್ಯಾಗಾರದಲ್ಲಿ ಮೂಗು ಮುರಿಯುತ್ತಾರೆ. ನನಗೆ ಅವೂ ಇಷ್ಟ, ಹೋಜಾಮ್ ಎದುರು ಹೇಳಿಲ್ಲ.

ನೋಡುತ್ತ ನೋಡುತ್ತ ನಮ್ಮೂರಿನ ಜಾಮಿಯಾ ಮಸೀದಿಯ ಮೆಹರಾಬ್, ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡು, ನೆನಪಾಯಿತು. 1636ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಚಿನ್ನ, ಬಣ್ಣ ತುಂಬಿದ್ದು. ಚಿಕ್ಕವಳಿದ್ದಾಗ ಬೆರಗಾಗಿ ನೋಡಿದ್ದ ಗೋಡೆಯ ಬಳ್ಳಿಗಳಿಗೆ ಬುಡ ಎಲ್ಲಿದೆ ಎಂದು ಈಗ ಫೋಟೊ ದೊಡ್ಡದು ಮಾಡಿ ಹುಡುಕುತ್ತೇನೆ. ಆದಿಲ್‌ಶಾಹಿಗಳ ಪುಸ್ತಕಗಳು ಮಾತ್ರ ಊರಲ್ಲಿಲ್ಲ. ಅಸಾರ್ ಮಹಲಿನಲ್ಲಿ ಉಳಿದಿದ್ದ ಸಂಗ್ರಹವನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು.

ಈಗ ಇಸ್ತಾಂಬುಲಿನಲ್ಲಿ ತೆಜ್‌ಹಿಪ್ ಅಂದರೆ ಹೆಚ್ಚಾಗಿ ಗೋಡೆಯ ಮೇಲಿನ ಚೌಕಟ್ಟು. ಅದಕ್ಕೆ ಕಾರಣವೂ ಇದೆ. 1928ರಲ್ಲಿ ತುರ್ಕಿ ಲ್ಯಾಟಿನ್ ಲಿಪಿಗೆ ಹೋಯಿತು. ಕೈಬರಹದ ಪುಸ್ತಕವೇ ಇಲ್ಲವಾದ ಮೇಲೆ ಅದನ್ನು ಸಿಂಗರಿಸುವವರಿಗೆ ಏನು ಕೆಲಸ? ವೈದ್ಯರಾಗಿದ್ದ ಸುಹೇಲ್ ಉನ್ವೆರ್, ರಿಕ್ಕತ್ ಕುಂತ್, ಮುಹ್ಸಿನ್ ದೆಮಿರೊನಾತ್ ಅವರಂಥ ಕೆಲವರು ಪಟ್ಟು ಹಿಡಿದು ಕಲಿಸದಿದ್ದರೆ ಕಸುಬೇ ಮುಗಿದಿರುತ್ತಿತ್ತು. ಗೋಡೆಗೆ ಬಂದದ್ದರಿಂದ ಉಳಿಯಿತು, ಒಪ್ಪುತ್ತೇನೆ. ಆದರೆ ಗೋಡೆಗೆ ಬಂದ ಮೇಲೆ ಅಲಂಕಾರ ಬೆಳೆಯುತ್ತಲೇ ಹೋಗಿದೆ. ಒಂದು ಸಾಲು ಬರಹ, ಸುತ್ತ ಮೊಳದಗಲ ಚಿನ್ನ. ಕಣ್ಣು ಅಕ್ಷರದ ಹತ್ತಿರ ಬರುವಷ್ಟರಲ್ಲೇ ಸುಸ್ತಾಗುತ್ತದೆ. ನೂನಿನ ತುದಿಗೆ ದಾರಿ ಬಿಟ್ಟು ಸರಿದು ನಿಂತ ಆ ಐದು ಮಿಲಿಮೀಟರ್ ಹೂವಿನ ಸಂಯಮ ಅಲ್ಲಿಲ್ಲ. ಇದನ್ನು ಹೋಜಾಮ್ ಹತ್ತಿರ ಹೇಳಿಯೂ ಹೇಳಿದೆ. ಅವರು ತಲೆ ಎತ್ತಲಿಲ್ಲ.

ಪುಸ್ತಿಕೆ ಮುಗಿದು, ಬೈಂಡಿಂಗ್ ಆಗಿ ಬಂತು. ಮೇಕೆಯ ತೊಗಲಿನ ರಟ್ಟು, ನಡುವೆ ಅದುಮಿದ ಚಿನ್ನದ ಪದಕ, ಪುಟಗಳ ಅಂಚನ್ನು ಮುಚ್ಚಲು ಹೊದಿಕೆಯಂಥ ಮಡಿಕೆ. ಕೊನೆಯ ಪುಟದಲ್ಲಿ ಬರೆದವರ ಹೆಸರು, ವರ್ಷ. ಮೂಲೆಯಲ್ಲಿ, ಗೊತ್ತಿದ್ದವರಿಗಷ್ಟೇ ಕಾಣುವ ಹಾಗೆ, ಹೋಜಾಮ್ ಹೆಸರು. ಒಯ್ಯಲು ಬಂದ ಹಿರಿಯ ಮಗ ಜೋಡಿಪುಟವನ್ನು ಒಂದು ಗಳಿಗೆ ನೋಡಿದರು, ಹಾಳೆ ತಿರುವಿದರು, ನಿಂತಲ್ಲೇ ಮೆಲುದನಿಯಲ್ಲಿ ಓದತೊಡಗಿದರು. ಹೂ ಬಂದಲ್ಲೆಲ್ಲ ಉಸಿರೆಳೆದುಕೊಂಡು ಮುಂದೆ ಹೋಗುತ್ತಿದ್ದರು. ಹೂಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ಪುಟ ಆದ ಮೇಲೆ ನಿಲ್ಲಿಸಿ, "ಎಲಿನಿಜೆ ಸಾಲಿಕ್" ಅಂದರು. ನಿಮ್ಮ ಕೈ ಚೆನ್ನಾಗಿರಲಿ ಎಂದು ಇಲ್ಲಿ ಅಡುಗೆ ಮಾಡಿದವರಿಗೂ ಹೇಳುವ ಮಾತು. ಬಾಕಿ ಹಣ ಕೊಟ್ಟು, ಮರದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಮರುವಾರ ಹೋದಾಗ ಮೇಜಿನ ಮೇಲೆ ಆಳೆತ್ತರದ ಒಂದು ಚೌಕಟ್ಟಿನ ಕೆಲಸ ಕಾದಿತ್ತು, ಯಾವುದೋ ಕಚೇರಿಯ ಗೋಡೆಗೆ. ನಾನು ಹೋಜಾಮ್ ಮುಖ ನೋಡಿದೆ. "ಚಿನ್ನದ ರೇಟು ಗೊತ್ತಲ್ಲ ಮಗಳೇ, ಈ ಮನೆಯ ಬಾಡಿಗೆಯೂ ಗೊತ್ತು," ಅಂದರು. "ಯಾಸೀನಿನಿಂದ ಎರಡೂ ಹುಟ್ಟುವುದಿಲ್ಲ. ಹೋಗು, ಕಿಟಕಿ ಮುಚ್ಚು."